ತೂಕದ ಪುಸ್ತಕದ ಹಿಂಬದಿ

ಸಾಣಿಕಟ್ಟದ ಆಗರದಲ್ಲಿ ಉಪ್ಪಿನ ತೂಕ ಬರೆಯುವವಳು ನಾನು.
ಪುಸ್ತಕದ ಮುಂಬದಿಗೆ ಮೂಟೆ, ಲಾರಿ ನಂಬರು, ಸಹಿ.
ತಿರುವಿ ಹಿಡಿದರೆ ಹಿಂಬದಿಯಿಂದ
ಕಾದಂಬರಿ ಬರುತ್ತಿದೆ ಎದುರಾಗಿ.
ನಡುವೆ ಎಲ್ಲೋ ಒಂದು ಪುಟದಲ್ಲಿ
ಎರಡೂ ಡಿಕ್ಕಿ ಹೊಡೆಯಲೇಬೇಕು.

ಕಾದಂಬರಿಯಲ್ಲಿ ಸಾಂತಾನ, ಬೈತಕೋಲ ಬಂದರಿನ ಇಂಜಿನ್ ಮೇಸ್ತ್ರಿ.
ಏಳನೇ ಅಧ್ಯಾಯದಲ್ಲಿ ಅವನ ಕೈಗೊಂದು ಪಾನಾ ಕೊಟ್ಟು
ಈಗ ಬಂದೆ ಎಂದು ಎದ್ದುಹೋದವಳು
ಸಂಕ್ರಾಂತಿಯಿಂದ ಆ ಕಡೆ ತಲೆ ಹಾಕಿಲ್ಲ.
ಬಿಚ್ಚಿ ಹರಡಿದ ಇಂಜಿನ್ನಿನ ಮುಂದೆ ಕೂತೇ ಇದ್ದಾನೆ ಪಾಪ,
ಊಟಕ್ಕೂ ಎದ್ದಿಲ್ಲ.
ನಾನು ಬರೆದರೆ ತಾನೆ.

ಏನು ಮಾಡಲಿ, ಮಾದನಗೇರಿ ಶಾಲೆಯ ಮಕ್ಕಳಿಗೆ ನಾಟಕ ಬೇಕಿತ್ತು.
ಹತ್ತು ಏಡಿ, ಒಬ್ಬ ರಾಜ,
ಇನ್ನು ಮೇಲೆ ಎಲ್ಲರೂ ನೆಟ್ಟಗೆ ನಡೆಯತಕ್ಕದ್ದೆಂದು ಅವನ ಅಪ್ಪಣೆ.
ಪಾತ್ರ ಸಿಗದ ಹುಡುಗಿಯೊಬ್ಬಳು ತಾಯಿಯನ್ನೇ ಕರೆತಂದು ನಿಂತಳು,
ಏಡಿ ಹನ್ನೊಂದಾಯಿತು.
ಅಷ್ಟರಲ್ಲಿ ಕಾರವಾರ ಆಕಾಶವಾಣಿಯ ಪತ್ರ:
ಹತ್ತು ನಿಮಿಷದ ಹಾಸ್ಯ, ಸೋಮವಾರದೊಳಗೆ.
ಎರಡು ದಿನದಿಂದ ನಗು ಬಂದಿಲ್ಲ.

ಬೊಮ್ಮಕ್ಕ ಉಪ್ಪು ಎಳೆಯುತ್ತ ಹೇಳುತ್ತಾಳೆ:
"ನೀರ್ ನಿಂತ ಮಡಿಗೆ ಹಲಗೆ ಹಾಕೂಕಿಲ್ಲ ಮಗಾ,
ಅದು ಕಟ್ಟುವಷ್ಟೊತ್ತಿಗೆ ಪಕ್ಕದ್ದನ್ನ ಎಳಿ."
ಒಡ್ಡು ಗಟ್ಟಿಯಿದ್ದವರಿಗೆ ಆ ಮಾತು.
ನನ್ನ ಮಡಿಗಳು ರಾತ್ರಿಯೆಲ್ಲ
ಒಂದರಿಂದ ಒಂದಕ್ಕೆ ಜಿನುಗುತ್ತವೆ.

ಗುರುವಾರ, ನಾಟಕದ ಮೂರನೇ ದೃಶ್ಯ.
"ನೆಟ್ಟಗೆ ನಡೆಯಲಾರದವರು ಇನ್ನೂ ಯಾರಿದ್ದೀರಿ?"
ರಾಜ ಗದರುತ್ತಾನೆ. ಏಡಿಗಳೆಲ್ಲ ಗಪ್ ಚಿಪ್.
ಬಾಗಿಲಲ್ಲಿ ಸಾಂತಾನ!
ಕೈಯಲ್ಲಿ ಅದೇ ಪಾನಾ,
ತಿಂಗಳುಗಟ್ಟಲೆ ಕೂತು ಕಾಲು ಜೋಮು ಹಿಡಿದು
ಅಡ್ಡಡ್ಡ ಹೆಜ್ಜೆ ಇಡುತ್ತ.
ಅಟ್ಟಲು ಮನಸ್ಸಾಗಲಿಲ್ಲ, ಒಂದು ಮಾತು ಕೊಟ್ಟೆ:
"ನಿಮ್ಮ ಸಿಂಹಾಸನವೇ ಓರೆ, ಮಹಾರಾಜ. ಸ್ವಲ್ಪ ಏಳಿ."
ನಟ್ಟು ಬಿಗಿಯುತ್ತ ಅಲ್ಲೇ ಕೂತುಬಿಟ್ಟ.
ಕಾದಂಬರಿಗೆ ವಾಪಸು ಕರೆದರೆ
ಕೇಳಿಸದವನ ಹಾಗೆ.

ಮರುದಿನ ಮಧ್ಯಾಹ್ನ ಹೊತ್ತಲ್ಲದ ಹೊತ್ತಿನ ಮಳೆ.
ಮಡ್ಲು ಹೊತ್ತು ಎಲ್ಲರೂ ಉಪ್ಪಿನ ರಾಶಿಗೆ ಓಡಿದೆವು,
ಪುಸ್ತಕ ಮೇಜಿನ ಮೇಲೆ ತೆರೆದೇ ಉಳಿಯಿತು.
ಕಾಲೊರೆಸಿಕೊಂಡು ಬಂದರೆ
ಸೆಕ್ರೆಟರಿ ವಿಠೋಬಣ್ಣ ಒದ್ದೆ ಪುಟ ಬಿಡಿಸುತ್ತ,
ಕನ್ನಡಕ ಹಣೆಗೇರಿಸಿ:

"ಸಾಂತಾನ ಅಂತ ಬರೆದಿದ್ದೀಯಲ್ಲ, ಯಾರು ಈ ಗಿರಾಕಿ?
ಎಷ್ಟು ಮೂಟೆ ಒಯ್ದ? ಸಹಿ ಎಲ್ಲಿ?"

ಬರ್ತಾನೆ ವಿಠೋಬಣ್ಣ, ಎಂದೆ.
ಶಾಲೆಯಲ್ಲಿ ಸ್ವಲ್ಪ ಕೆಲಸ ಇದೆ ಅವನಿಗೆ.