ಗ್ಲ್ಯಾಡಿಸ್ ಅಲ್ಲ

ಬಾಗಿಲಲ್ಲೇ ಒಬ್ಬ ಹುಡುಗಿ ಅಂಟುಚೀಟಿಯ ಮೇಲೆ
ನನ್ನ ಹೆಸರು ಬರೆದಳು: ಗ್ಲ್ಯಾಡಿಸ್.
ಗ್ಲೆನಿಸ್, ಎಂದೆ. ನಕ್ಕು, ಪಕ್ಕದಲ್ಲೊಂದು
ಕೆಂಪು ಹೃದಯ ಬಿಡಿಸಿ ಕೋಟಿಗೆ ಒತ್ತಿದಳು.
ಆಗಲಿ. ಹೃದಯವಾದರೂ ಸಿಕ್ಕಿತು.

ಗ್ರಿಮ್ಸ್‌ಬಿಯಲ್ಲಿ ಊರ ಬಗ್ಗೆ ಬರೆಯುವವರು
ಇಷ್ಟು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.
ಕರಪತ್ರದಲ್ಲಿತ್ತು: ಬನ್ನಿ, ಬೆರೆಯಿರಿ, ಬೆಳೆಯಿರಿ.
ರೈಲು ನಿಲ್ದಾಣದ ಹತ್ತಿರದ ಹೋಟೆಲು, ಮೊದಲ ಮಹಡಿ.
ಯಾರದೋ ಮದುವೆ ಬಿಟ್ಟುಹೋದ ಬಲೂನೊಂದು
ಚಾವಣಿಗೆ ತಲೆಯಾನಿಸಿ ನಿಂತಿತ್ತು;
ಇಡೀ ಕೋಣೆಯಲ್ಲಿ ಎಲ್ಲೋ ನೋಡಿದ ಮುಖ ಅದೊಂದೇ.

ಮೊಮ್ಮಗನ ಬ್ಯಾಪ್ಟಿಸಂಗೆ ಕೊಂಡ ನೀಲಿ ಕೋಟು.
ಚೀಲದಲ್ಲಿ ಇಪ್ಪತ್ತು ಪ್ರತಿ, ಲೈಬ್ರರಿಯಲ್ಲಿ
ಪುಟಕ್ಕೆ ಹತ್ತು ಪೆನ್ನಿ ಕೊಟ್ಟು ತೆಗೆಸಿದ್ದು.
ನಾನು ಬೆಂಚುಗಳ ಬಗ್ಗೆ ಬರೆಯುತ್ತೇನೆ:
ಕ್ಲೀಥಾರ್ಪ್ಸ್ ದಂಡೆಯ ಬೆಂಚುಗಳ ಬೆನ್ನಿಗೆ ಬಡಿದ ಹಿತ್ತಾಳೆ ತಗಡು,
ತಗಡಿನ ಮೇಲಿನ ಹೆಸರು, ಆ ಹೆಸರಿನವರು
ಅಲ್ಲಿ ಕೂತು ಏನು ನೋಡುತ್ತಿದ್ದರು ಎಂದು.

'ಎಷ್ಟು ಜನ ಓದುತ್ತಾರೆ?' ಮೊದಲನೆಯವನು ಕೇಳಿದ.
ಹನ್ನೊಂದು, ಎಂದೆ. ಒಬ್ಬಳು ನನ್ನ ತಂಗಿ
ಎಂದು ಸೇರಿಸುವಷ್ಟರಲ್ಲಿ ಅವನ ಕಣ್ಣು
ನನ್ನ ಭುಜ ಹತ್ತಿ ಆಚೆಗಿಳಿದಿತ್ತು.
ಎರಡನೆಯವಳು ಕಾರ್ಡು ಕೊಟ್ಟಳು. ಮೂರನೆಯವನೂ.
ನಾಲ್ಕನೆಯವನು ನನ್ನ ಕಾರ್ಡು ಕೇಳಿದ;
ಇಲ್ಲವೆಂದಾಗ, ಹಲ್ಲಿಲ್ಲದವರನ್ನು ನೋಡುವಂತೆ ನೋಡಿದ.

ಆಮೇಲೆ ಭಾಷಣ. ಲಂಡನ್ನಿಂದ ಬಂದವನಂತೆ,
ಕಾಲಲ್ಲಿ ಹೊಚ್ಚಹೊಸ ಬಿಳಿ ಬೂಟು.
ನಲವತ್ತು ನಿಮಿಷ: ನಿಮ್ಮ ಊರನ್ನು ಮಾರುವುದು ಹೇಗೆ.
ಊರ ಹೆಸರು ಹೇಳುವಾಗ ಚೀಟಿ ನೋಡಿಕೊಂಡ.
ಮೂವತ್ತೊಂದು ವರ್ಷ ಹ್ಯಾಡಕ್ ಮೀನಿನ ಮುಳ್ಳು ಬಿಡಿಸಿದ ಕೈ ನನ್ನದು,
ಬೆರಳು ತಾನಾಗಿಯೇ ಮಾತನ್ನು ತಡವುತ್ತಿತ್ತು.
ಒಂದೇ ಒಂದು ಮುಳ್ಳಿಲ್ಲ.
ಮೀನೂ ಇಲ್ಲ.

ಸ್ಯಾಂಡ್‌ವಿಚ್ಚು ಮೊಟ್ಟೆಯದು, ಅಂಚೊಣಗಿ ಬಾಯಿ ತೆರೆದಿತ್ತು.
ಖರ್ಚು ಹೊತ್ತವರು ಕಾರ್ಪೆಟ್ ಅಂಗಡಿಯವರು;
ತಲೆಗೊಂದು ಮಾದರಿ ತುಂಡು, ಬೂದು ಬಣ್ಣ, ಅಂಗೈಯಗಲ.
ಇದರ ಮೇಲೆ ಯಾರು ನಿಲ್ಲಬೇಕು? ಬೆಕ್ಕಿನ ಒಂದು ಕಾಲು?
ಮೇಜಿನ ಮೇಲಿಟ್ಟಿದ್ದ ನನ್ನೊಂದು ಪ್ರತಿಯ ಮೇಲೆ
ಯಾರೋ ಕಪ್ಪಿಟ್ಟು ಎತ್ತಿದ್ದರು. ಕಂದು ಉಂಗುರದ ನಡುವೆ
ಕ್ಲೆಮ್ ಹ್ಯಾಲಿವೆಲ್,
'ಈ ಗಾಳಿಯನ್ನು ಬೈಯುತ್ತಲೇ ಪ್ರೀತಿಸಿದವನು'.

ಬಸ್‌ಸ್ಟಾಪಿನಲ್ಲಿ ನಿಂತು ಬೈಗುಳ ಜೋಡಿಸುತ್ತಿದ್ದೆ,
ಭಾನುವಾರದ ಪುಟಕ್ಕೆ. ಚೆನ್ನಾಗಿಯೇ ಕೂಡಿಬರುತ್ತಿತ್ತು.
ಆಗ ನೆನಪಾದ ಆ ಹುಡುಗ,
ಕಾಫಿ ಹೂಜಿಯ ಪಕ್ಕ, ಗಲ್ಲದವರೆಗೆ ಜಿಪ್ ಎಳೆದುಕೊಂಡವ.
ಮೀನಿಗೆ ಹೊಗೆ ಹಾಕುತ್ತಿದ್ದ ಮನೆಗಳ ಚಿಮಣಿಗಳನ್ನು
ಒಂದೊಂದಾಗಿ ಬರೆದಿಡುತ್ತಿದ್ದೇನೆ, ಕೆಡವುವ ಮುಂಚೆ, ಎಂದಿದ್ದ.
ಹೌದಾ, ಎಂದಿದ್ದೆ ನಾನು,
ಪ್ರತಿಗಳನ್ನು ಎದೆಗವಚಿಕೊಂಡು
ಅವನ ಕಿವಿಯ ಪಕ್ಕದಿಂದ ಬಿಳಿ ಬೂಟು ಎಲ್ಲಿ ಹೋಯಿತೆಂದು ಹುಡುಕುತ್ತ.

ಡಾಬ್ಸ್‌ನವರ ಹೊಗೆಮನೆಯಲ್ಲಿ ನನ್ನಮ್ಮ ದುಡಿದವಳು.
ಶುಕ್ರವಾರ ತಲೆಗೆ ಎರೆದುಕೊಂಡರೂ
ಭಾನುವಾರ ಚರ್ಚಿನಲ್ಲಿ ನಮ್ಮ ಮುಂದಿನ ಸಾಲಿನವರು
ತಿರುಗಿ ನೋಡುತ್ತಿದ್ದರು.
ಇದನ್ನು ಯಾರಿಗೂ ಹೇಳಿಲ್ಲ.
ಅವನು ಕೇಳುತ್ತಿದ್ದ, ಚಿಮಣಿ ಎಷ್ಟೆಂದೂ ಕೇಳುತ್ತಿದ್ದ.

ಬಸ್ಸು ಬಂತು. ಡ್ರೈವರು ನನ್ನ ಕೋಟು ನೋಡಿ
'ಸಂಜೆ ಚೆನ್ನಾಗಿತ್ತಾ, ಗ್ಲ್ಯಾಡಿಸ್?' ಎಂದ.
ಹೂಂ, ಎಂದೆ. ಗ್ಲ್ಯಾಡಿಸ್‌ಗೆ ಚೆನ್ನಾಗಿದ್ದಿರಬಹುದು.

ಮನೆಯಲ್ಲಿ ಚೀಟಿ ಕೀಳುವಾಗ ನೀಲಿ ನೂಲೂ ಎದ್ದು ಬಂತು.
ಅವನ ಎದೆಯ ಮೇಲೂ ಒಂದು ಚೀಟಿಯಿತ್ತು.
ಆ ಹುಡುಗಿ ಅದನ್ನಾದರೂ ಸರಿಯಾಗಿ ಬರೆದಿದ್ದಳೋ ಇಲ್ಲವೋ,
ನಾನು ಓದಿಯೇ ಇರಲಿಲ್ಲ.