ಎಡಗಾಲಿನ ಗಾಡಿ

ಚಂದ್ರಾಮ ಕಾಕಾ ಬಿಟ್ಟುಹೋದದ್ದು
ಒಂದು ಉಣ್ಣೆಯ ಮಫ್ಲರು,
ನಾನಾ ಪೇಠಿನ ಅಂಗಡಿಯಲ್ಲಿ ಸ್ವಲ್ಪ ಬಾಕಿ,
ಮತ್ತೆ ಈ ಯೆಜ್ದಿ.

ಎಡಗಾಲಲ್ಲೇ ಒದೆಯಬೇಕು ಇದನ್ನ,
ಎಡಗಾಲಲ್ಲೇ ಗೇರು.
ಒದೆಯುವ ಕೋಲು, ಗೇರಿನ ಕೋಲು ಒಂದೇ;
ಒಳಕ್ಕೊತ್ತಿ ಎತ್ತಿದರೆ ಅದು, ಇಳಿಸಿದರೆ ಇದು.
ಮೈಸೂರಿನಲ್ಲಿ ಇದನ್ನು ಮಾಡಿದವರಿಗೆ
ನನ್ನ ಕಾಲಿನ ಸುದ್ದಿ ಹೇಗೆ ಗೊತ್ತಾಗಬೇಕು?
ಎರಡನೇ ವರ್ಷದ ಜ್ವರ ಅದನ್ನು
ಒಣಗಿದ ಹೀರೇಕಾಯಿ ಮಾಡಿ ಹೋಗಿತ್ತು.

ಆಗ ಒಂದೇ ಪ್ರಿಂಟು, ಎರಡು ಟಾಕೀಜು.
ಕ್ಯಾಂಪಿನಲ್ಲಿ ಓಡಿದ ರೀಲು ಬಿಸಿ ಆರುವ ಮೊದಲೇ ಡಬ್ಬಿಗೆ,
ಡಬ್ಬಿ ಕ್ಯಾರಿಯರಿಗೆ,
ಹೋಳ್ಕರ್ ಪೂಲ ದಾಟಿ ಖಡಕಿಗೆ.
ಅಲ್ಲಿ ಜನ ಕುರ್ಚಿ ಬಡಿಯುತ್ತಿದ್ದರು.
ಟ್ಯಾಂಕಿನ ಮೇಲೆ ನಾನು.
ಜೋಲಾಡುವ ನನ್ನ ಕಾಲನ್ನು ತನ್ನ ತೊಡೆಯಡಿ ಸಿಗಿಸಿ
'ಗಟ್ಟಿ ಹಿಡಕೋ, ನಾಯಕಿ ಹಿಂದ ಕುಂತಾಳ' ಅನ್ನುತ್ತಿದ್ದ ಕಾಕಾ.
ನೂರಾರು ಸಿನಿಮಾ ಹೊತ್ತ,
ಒಂದರ ಕೊನೆಯನ್ನೂ ಕೂತು ನೋಡಲಿಲ್ಲ.

ಬಾಬಾಲಾಲ್ ತಾಂಬೋಳಿ ಗಾಡಿಯ ಸುತ್ತ ಸುತ್ತಿದ,
ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ.
ಪಿಸ್ಟನ್ನು ಜಾಮು. ಕಾರ್ಬುರೇಟರಿನಲ್ಲಿ ಕಣಜದ ಗೂಡು.
ಸೀಮೆಎಣ್ಣೆ ಹೊಯ್ದು ನಾಲ್ಕು ದಿನ ನೆನೆಸಿದೆವು.
ಐದನೇ ದಿನ ಮರದ ಸುತ್ತಿಗೆಯ ಏಟಿಗೆ
ಹ್ಞೂಂ ಅಂತ ಒಂದು ಕೂದಲೆಳೆ ಸರಿಯಿತು.

ಉಪ್ಪುಕಾಗದ ಹಿಡಿದು ಟ್ಯಾಂಕು ತಿಕ್ಕಿದೆ:
ಕಪ್ಪು, ಅದರಡಿ ಅಂಚೆಡಬ್ಬಿಯ ಕೆಂಪು, ಅದರಡಿ ಗಿಳಿಹಸಿರು
(ಆ ವರ್ಷ ಕಾಕಾನಿಗೆ ಏನಾಗಿತ್ತೋ),
ಎಲ್ಲದರಡಿ ಕಾರ್ಖಾನೆಯ ಮೆರೂನು.
ಟೂಲ್ ಬಾಕ್ಸಿನ ಮುಚ್ಚಳ ಗಡಗಡ ಅನ್ನದಿರಲೆಂದು
ಮಡಚಿ ತುರುಕಿದ್ದ ಫಿಲ್ಮಿನ ತುಂಡೊಂದು ಸಿಕ್ಕಿತು.
ಬಲ್ಬಿಗೆ ಹಿಡಿದೆ. ಹನ್ನೆರಡು ಚೌಕ.
ಬಾಗಿಲಲ್ಲಿ ಒಬ್ಬಳು ತಿರುಗುತ್ತಿದ್ದಾಳೆ,
ಹನ್ನೆರಡು ಚೌಕಕ್ಕೆ ಕಿವಿಯೋಲೆ ಮಾತ್ರ ಕೊಂಚ ಸರಿದಿದೆ.
ಅರ್ಧ ಸೆಕೆಂಡು.
ಇದ್ದಲ್ಲೇ ತುರುಕಿದೆ. ಮುಚ್ಚಳ ಸದ್ದು ಮಾಡಬಾರದಲ್ಲ.

ಔಂಧಿನಿಂದ ಒಬ್ಬರು ಬಂದರು, ಹಳೇ ಗಾಡಿ ಕೂಡಿಸುವವರು.
'ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು.
ಒಂದು ಬೋಲ್ಟು ಬದಲಾದರೂ ಬೆಲೆ ಅರ್ಧ.'
ನಾನು ಕ್ಯಾಲಿಪರಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದೆ.
'ಸಾಹೇಬರೇ, ಕಾರ್ಖಾನೆಯಿಂದ ಬಂದ ಹಾಗೆ ನಾನೇ ಉಳಿದಿಲ್ಲ.'
ಅವರು ನಗಲಿಲ್ಲ. ಚಹಾ ಮುಟ್ಟದೆ ಹೋದರು.
ಅದನ್ನೂ ಬಾಬಾಲಾಲನೇ ಕುಡಿದ.

ಗೇರಿನ ಕೋಲು ಕತ್ತರಿಸಿದೆವು.
ಕತ್ತರಿಸುವಾಗ ನಾನು ಹೊರಗೆ ನಿಂತಿದ್ದೆ, ಸುಳ್ಳೇಕೆ ಹೇಳಲಿ.
ಟ್ಯಾಂಕಿನ ಮಗ್ಗುಲಿಗೆ ಉದ್ದನೆಯ ಸಲಾಕೆ,
ತುದಿಗೆ ಜುನಾ ಬಾಜಾರಿನ ಹಿತ್ತಾಳೆ ಹಿಡಿಕೆ,
ಯಾರ ಮನೆಯ ಬಾಗಿಲಿನದೋ.
ಎಡಕ್ಕೆ ಮೂರನೇ ಚಕ್ರ; ರೀಲಿನ ಪೆಟ್ಟಿಗೆಯೇ ಸೈಡ್‌ಕಾರು.
ಸೀಟು ನಾನೇ ಹೊಲಿದೆ. ಮೂವತ್ತು ವರ್ಷ
ಒಂದೇ ಕಾಲಲ್ಲಿ ಮಿಶಿನ್ನು ತುಳಿದ ದರ್ಜಿ ನಾನು,
ಅಂಚು ಷರಟಿನ ಕಾಲರಿನ ಹಾಗೇ ಬಂತು.

ಒದೆಯುವುದು?
ಅದಕ್ಕೆ ಬಾಬಾಲಾಲನ ಹತ್ತಿರ ಸಲಾಕೆ ಇರಲಿಲ್ಲ.
ನನ್ನ ಹತ್ತಿರ ತಳಜಾಯಿಯ ಇಳಿಜಾರು ಇತ್ತು,
ಹೊಸ್ತಿಲಿನಿಂದಲೇ ಶುರುವಾಗುವುದು,
ದಿನಾ ಸಂಜೆ ಹತ್ತುವಾಗ ನಾನು ಬೈದದ್ದು.

ಹಾಲಿನವನು ಒಂದು ಕೈ ಹಚ್ಚಿದ.
ಎಂಜಿನ್ನಿಲ್ಲದೆ ಉರುಳುವಾಗ ಎಷ್ಟೊಂದು ಕೇಳಿಸುತ್ತದೆ!
ಕುಕ್ಕರು, ಯಾರದೋ ರೇಡಿಯೋದ ಅಭಂಗ,
ಚಕ್ರದ ಕಡ್ಡಿಗಳಲ್ಲಿ ಗಾಳಿ.
ತಿರುವಿನಲ್ಲಿ ಹಿತ್ತಾಳೆ ಎಳೆದೆ, ಎರಡನೇ ಗೇರು.
ಗಕ್ಕನೆ ತಡೆಯಿತು, ಕೆಮ್ಮಿತು,
ಆಮೇಲೆ ನೀಲಿ ಹೊಗೆ,
ಕಾಕಾನ ಮಫ್ಲರಿನ ಅದೇ ವಾಸನೆ.

ಸ್ವಾರಗೇಟಿನಲ್ಲಿ ಸಿಗ್ನಲ್ಲು ಕೆಂಪು.
ಇಲ್ಲಿ ಆರಿದರೆ ಇಳಿಜಾರಿಲ್ಲ.
ಆಕ್ಸಿಲರೇಟರು ತಿರುವುತ್ತ, ತಿರುವುತ್ತ ನಿಂತೆ.
ಹಸಿರಾದದ್ದೇ ಹಿಂದೆ ಹಾರ್ನುಗಳು,
ಖಡಕಿಯಲ್ಲಿ ಕುರ್ಚಿ ಬಡಿದಂತೆ.
ಬಂದೆ ಅಂದೆ,
ಬಂದೆನ್ರೋ.