ಹದಿನಾರು ಮೈಲಿ

ಲಾರಿ ಬೇಕಾಗಲಿಲ್ಲ. ಭಾವನ ಪಿಕಪ್ಪಿನಲ್ಲೇ ನಾಲ್ಕು ಸಲ:
ಮಂಚ, ಫ್ರಿಜ್ಜು, ನೆರೆಯಾಳ ಗಾಲಿಕುರ್ಚಿ,
ಕಡೆಗೆ ಅಡುಗೆಮನೆಯ ಕ್ಯಾಲೆಂಡರು.
ಒಂದು ಫಿಟ್ಸಿಗೆ ಒಂದು ಪೆನ್ಸಿಲ್ ಗೆರೆ;
ಮಾರ್ಚಿಯ ಮೂರು ಚೌಕ ಪೂರಾ ಕಪ್ಪು.

ಹೊಳೆಯ ಹೆಸರೇ ಹಾವು.
ಆಚೆ ದಂಡೆ ಐಡಹೊ, ಈಚೆ ಆರೆಗಾನ್.
ಎರಡೂ ಕಡೆ ಅದೇ ಈರುಳ್ಳಿ ಹೊಲ, ಅದೇ ಘಾಟು,
ಗಡಿಯಾರ ಕೂಡ ತಿರುಗಿಸಬೇಕಿಲ್ಲ.
ಗಿಡ ಮಾತ್ರ
ಅಲ್ಲಿ ಕೈಕೋಳ,
ಇಲ್ಲಿ ರಸೀದಿ ಸಮೇತ ಕಾಗದದ ಚೀಲ.

ಗಲ್ಲಾದ ಹುಡುಗ ಗುರುತಿನ ಚೀಟಿ ಕೇಳಿದಾಗ
ಕಳ್ಳಿಯಂತೆ ಬಾಗಿಲ ಕಡೆ ನೋಡಿದೆ.
ಅವನು ಆಕಳಿಸಿದ. ಚಿಲ್ಲರೆ ಕೊಟ್ಟ.

'ಗಾಂಜಾದವರ ಊರಿಗೆ ನನ್ನ ಮೊಮ್ಮಗಳೇ?'
ಎಂದು ಅಪ್ಪ ಉಗಿದಿದ್ದ. ಐತೋರ್, ಕುರಿ ಕಾಯ್ದವನ ಮಗ,
ರಾತ್ರಿಯೂಟ ಮುಗಿಯದೆ ಯಾರನ್ನೂ ಕಳಿಸಿದವನಲ್ಲ.

ಜೂನ್ ಬಂತು. ಎರಡೇ ಗೆರೆ.
ಖಾಲಿ ಚೌಕಗಳಿಗೆ ಏನು ಬರೆಯಲಿ?
ಕಸದ ಲಾರಿ ಬರುವ ದಿನ ಬರೆದೆ.

ಭಾನುವಾರ ಸೇತುವೆಗೆ ಮುನ್ನ ಕಾರು ನಿಲ್ಲಿಸಿ
ಕೈಚೀಲ, ಜೇಬು, ಸೀಟಿನ ಸಂದಿ ತಡಕುತ್ತೇನೆ;
ಸೀಸೆ ಮನೆಯಲ್ಲೇ ಇದೆಯಷ್ಟೇ?
ಬೆಳಿಗ್ಗೆ ಒಂಬತ್ತರ ಹನಿ ಸಂಜೆಯವರೆಗೆ ಕಾಯಬೇಕು.

ಅಪ್ಪ ಅದರ ಮಾತೆತ್ತುವುದಿಲ್ಲ.
ಹುರುಳಿಕಾಯಿ ಸೂಪು ಬಡಿಸಿ, ಅವಳ ಗಲ್ಲ ಒರೆಸುತ್ತಾನೆ.
ಮೊನ್ನೆ ಹಂಡೆ ಇನ್ನೂ ಒಲೆಯ ಮೇಲಿತ್ತು,
ಕುರಿಮಾಂಸ ಬೆಂದಿರಲಿಲ್ಲ,
ಎದ್ದು ಗಾಲಿಕುರ್ಚಿ ಮಡಚಿದ:
'ನಾಲ್ಕಾಯಿತು. ಹೊರಡಿ.'